ಟಿಕೆಟ್ ಆಯ್ತು, ಮೇಲುಖರ್ಚಿಗೆ ಎಷ್ಟು ಇಟ್ಟುಕೊಳ್ಳಬೇಕು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮನೆ ಹಣಕಾಸು

ಪ್ರಶ್ನೆ: ದಸರಾ ರಜೆಯಲ್ಲಿ ಬಿಡದಿಯ ವಂಡರ್‌ಲಾಕ್ಕೆ ಹೋಗಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರೆ. ನಾವಿಬ್ಬರು, 12 ವರ್ಷದ ಮಗಳು, 8 ವರ್ಷದ ಮಗ, 66 ವರ್ಷದ ನಮ್ಮತ್ತೆ. ಕೆಂಗೇರಿಯಲ್ಲಿ ನಾದಿನಿ ಮನೆ ಇದೆ, ಅಲ್ಲೇ ಉಳಿದುಕೊಳ್ಳುತ್ತೇವೆ. ಟಿಕೆಟ್ ದುಡ್ಡನ್ನು ಚೀಟಿ ಹಣದಲ್ಲಿ ತೆಗೆದಿಟ್ಟಿದ್ದೇನೆ. ಉಳಿದ ಖರ್ಚಿಗೆ 8,000 ರೂಪಾಯಿ ಇದೆ, ಸಾಕಾಗುತ್ತಾ? ಹಿಂದೆ ಬೇರೊಂದು ಪಾರ್ಕ್‌ಗೆ ಹೋದಾಗ ಸಂಜೆ ಹೊತ್ತಿಗೆ ಪರ್ಸ್ ಖಾಲಿ. ಎಲ್ಲಿ ಹೋಯ್ತು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. (ಓದುಗರು, ಶಿವಮೊಗ್ಗ)

ಸಾಕಾಗುತ್ತೆ. ಆದರೆ ಅದಕ್ಕೆ ಯಾವುದಕ್ಕೆ ಎಷ್ಟು ಅನ್ನೋದನ್ನ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು. ಗೇಟಿನ ಒಳಗೆ ಹೋದಮೇಲೆ ಯಾರೂ ಲೆಕ್ಕ ಮಾಡೋದಿಲ್ಲ. ಮಕ್ಕಳು ಹಸಿದಿರ್ತಾರೆ, ಎಲ್ಲರ ಬಟ್ಟೆ ಒದ್ದೆ, ಬೇರೆ ಅಂಗಡಿ ಕಣ್ಣಿಗೆ ಬೀಳಲ್ಲ. ನಿಮ್ಮ ಹಿಂದಿನ ಸಲದ ದುಡ್ಡು ಹೋಗಿದ್ದೂ ಹೀಗೇ, 60 ರೂಪಾಯಿ, 120 ರೂಪಾಯಿ ಅಂತ ಚಿಲ್ಲರೆ ಚಿಲ್ಲರೆಯಾಗಿ.

ಮೊದಲು ಟಿಕೆಟ್ ವಿಷಯ ಒಂದೇ ಮಾತಲ್ಲಿ ಮುಗಿಸೋಣ. ತೆಗೆದಿಟ್ಟ ಹಣ ಸಾಕು ಅಂದುಕೊಂಡಿದ್ದೀರಿ, ಆದರೆ ಅಲ್ಲಿ ಮಕ್ಕಳ ಟಿಕೆಟ್ ನೋಡೋದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಟಿಕೆಟ್. ಇವತ್ತೇ ಮಗಳನ್ನು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು ಟೇಪ್ ಹಿಡಿಯಿರಿ. 12 ವರ್ಷದ ಹುಡುಗಿಯರಲ್ಲಿ ಬಹಳ ಮಂದಿ ಆ ಗೆರೆ ದಾಟಿರುತ್ತಾರೆ. ಶನಿವಾರ, ಭಾನುವಾರ, ಹಬ್ಬದ ದಿನ ದರ ಜಾಸ್ತಿ. ಅತ್ತೆಯವರ ಆಧಾರ್ ಕಾರ್ಡ್ ಇಟ್ಟುಕೊಂಡಿರಿ, ಹಿರಿಯ ನಾಗರಿಕರ ರಿಯಾಯಿತಿ ಕೇಳಿ. ಸಾಲಿನಲ್ಲಿ ನಿಲ್ಲದೆ ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಮಾತ್ರ ವಾರದ ನಡುವಿನ ದಿನಕ್ಕೆ ದಂಡ.

ಈಗ 8,000ದ ಮಾತು. ಪ್ರಯಾಣಕ್ಕೆ 2,000 ಇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಿಮ್ಮಂಥ ಕುಟುಂಬದ ಲೆಕ್ಕವೇ ಬದಲಾಗಿದೆ. ಕೆಂಪು ಬಸ್ಸಿನಲ್ಲಿ ನಿಮಗೆ, ಮಗಳಿಗೆ, ಅತ್ತೆಗೆ ಟಿಕೆಟ್ ಇಲ್ಲ. ಯಜಮಾನರದ್ದು ಪೂರ್ತಿ, ಮಗನದ್ದು ಅರ್ಧ, ಅಷ್ಟೇ. ರಾಜಹಂಸ, ಐರಾವತ ಹತ್ತಿದರೆ ಈ ಉಳಿತಾಯ ಇರಲ್ಲ. ಅತ್ತೆಗೆ ಸೊಂಟ ನೋವು ಗೀವು ಇದ್ದರೆ ರೈಲು ನೋಡಿ, ಉಳಿತಾಯಕ್ಕೋಸ್ಕರ ಅವರನ್ನು ರಾತ್ರಿಯೆಲ್ಲ ಕೂರಿಸಬೇಡಿ. ಕೆಂಗೇರಿಯಿಂದ ಆಚೆಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಶಕ್ತಿ ಇದೆ. ಪಾರ್ಕ್ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿದೆ. ಸಂಜೆ ಸುಸ್ತಾದ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಗೆ ಕಾಯೋಕಾಗದೆ ಆಟೊ ಹತ್ತೇ ಹತ್ತುತ್ತೀರಿ. ಅದನ್ನೂ ಈ 2,000ದಲ್ಲೇ ಬರೆದುಕೊಳ್ಳಿ.

ಮುಂದಿನ ಬಾಬತ್ತನ್ನು ಯಾರೂ ಬಜೆಟ್‌ನಲ್ಲಿ ಬರೆಯೋದೇ ಇಲ್ಲ. ನಾದಿನಿ ಮನೇಲಿ ಉಳಿಯೋದು ಪುಕ್ಕಟೆ ಅಲ್ಲ! ಬರಿಗೈಲಿ ಹೋಗೋಕಾಗುತ್ತಾ? ಹಣ್ಣು, ಹೂವು, ಒಂದು ಸ್ವೀಟ್ ಬಾಕ್ಸ್, ಹೊರಡುವಾಗ ಅವರ ಮಕ್ಕಳ ಕೈಗೆ ನೂರೋ ಇನ್ನೂರೋ. ಇದಕ್ಕೆ 700. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಮಕ್ಕಳು ಟೀ ಶರ್ಟ್ ಹಾಕಿಕೊಂಡು ಹೊರಡುವಾಗ ಅವರ ಮಕ್ಕಳು ಬಾಗಿಲಲ್ಲಿ ನಿಂತು ನೋಡ್ತಾರೆ. "ಬನ್ರೋ ನೀವೂ" ಅಂತ ಯಜಮಾನರ ಬಾಯಿಂದ ಬಂದೇ ಬರುತ್ತೆ. ಒಂದು ಮಾತಿಗೆ ಎರಡು ಟಿಕೆಟ್, ಎರಡು ಊಟ. ಕರೆದುಕೊಂಡು ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಕರೆದುಕೊಂಡು ಹೋಗೋದಾದರೆ ಈಗಲೇ ನಾದಿನಿಗೆ ಫೋನ್ ಮಾಡಿ, ಯಾರ ಟಿಕೆಟ್ ಯಾರದ್ದು ಅಂತ ಮಾತಾಡಿಕೊಳ್ಳಿ. ಅಣ್ಣ ತಂಗಿ ಮಧ್ಯೆ ಇಂಥ ಮಾತು ಮುಜುಗರ ಅನ್ನಿಸಿದರೆ ಅತ್ತೆಯವರ ಕೈಲಿ ಹೇಳಿಸಿ.

ಊಟಕ್ಕೆ ಪಾರ್ಕ್ ಒಳಗೆ 2,000, ದಾರಿಯಲ್ಲಿ 1,000. ಹೊರಗಿನ ತಿಂಡಿ ಒಳಗೆ ಬಿಡಲ್ಲ, ಚಪಾತಿ ಕಟ್ಟಿಕೊಂಡು ಹೋಗಿ ಗೇಟಿನಲ್ಲಿ ಜಗಳ ಆಡಬೇಡಿ. ಬದಲಿಗೆ ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಪಾರ್ಕ್ ತೆರೆಯೋದು ಬೆಳಿಗ್ಗೆ ತಡವಾಗಿ. ಪಾರ್ಕ್‌ನ ತಿರುವು ದಾಟಿ ಬಿಡದಿಗೇ ಹೋಗಿ, ಬೆಣ್ಣೆ ಹಾಕಿದ ಬಿಸಿ ತಟ್ಟೆ ಇಡ್ಲಿ ತಿಂದು, ಆಟೊದಲ್ಲಿ ವಾಪಸ್ ಬಂದರೂ ಟೈಮ್ ಇರುತ್ತೆ. ಮಕ್ಕಳು ಎರಡೆರಡು ಇಡ್ಲಿ ತಿಂದಿದ್ದರೆ ಒಳಗೆ ಮಧ್ಯಾಹ್ನದ ಊಟ ಒಂದೇ ಸಾಕು. ತಿನ್ನದೆ ಹೋದರೆ 12 ಗಂಟೆಗೆ ಪಾಪ್‌ಕಾರ್ನ್, 1 ಗಂಟೆಗೆ ಐಸ್‌ಕ್ರೀಮ್, ಊಟದ ಹೊತ್ತಿಗೆ "ಹಸಿವಿಲ್ಲ ಅಮ್ಮ". ದುಡ್ಡೂ ಹೋಯ್ತು, ಊಟವೂ ಆಗಲಿಲ್ಲ.

ಇನ್ನು ಬಟ್ಟೆ. ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯಲ್ಲ, ನೈಲಾನ್ ಥರದ್ದು ಬೇಕು. ಮರೆತು ಹೋದವರು ಅಲ್ಲಿನ ಅಂಗಡಿಯಲ್ಲಿ ಹೇಳಿದ ರೇಟಿಗೆ ಕೊಳ್ಳಬೇಕು. ನಿಮ್ಮ ಗಾಂಧಿ ಬಜಾರ್‌ನಲ್ಲಿ ಮೊದಲೇ ಕೊಂಡುಬಿಡಿ, ಅದನ್ನು ಈ 8,000ಕ್ಕೆ ಸೇರಿಸಲೂ ಬೇಡಿ. ಲಾಕರ್ ಬಾಡಿಗೆ, ಮಕ್ಕಳು ಕಿರುಚುವಾಗ ತೆಗೆದ ಒಂದು ಫೋಟೊ, ಇವಕ್ಕೆ 500. ಕೆಲವರು ಲಾಕರ್ ಉಳಿಸೋಕೆ ಅಂತ ವಯಸ್ಸಾದವರನ್ನು ಬ್ಯಾಗಿನ ಪಕ್ಕ ಕೂರಿಸಿ ಹೋಗ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅತ್ತೆಯವರೂ ಟಿಕೆಟ್ ಕೊಟ್ಟು ಬಂದವರೇ ಅಲ್ವಾ? ಜೋರಾಗಿ ತಿರುಗುವ ಆಟ ಬೇಡ ಅಂದರೂ ಓಡಾಡೋಕೆ, ನೋಡೋಕೆ ಅವರಿಗೂ ಆಸೆ ಇರುತ್ತೆ.

ಮಕ್ಕಳ ಕೈಗೆ ತಲಾ 300, ನೋಟಿನಲ್ಲೇ ಕೊಡಿ. ಬೆಳಿಗ್ಗೆ ಅಲ್ಲ, ನೀರಿನ ಆಟ ಮುಗಿದು ಬಟ್ಟೆ ಬದಲಾಯಿಸಿದ ಮೇಲೆ. ಅದರಲ್ಲಿ ಏನು ಬೇಕಾದರೂ ಕೊಳ್ಳಬಹುದು, ಉಳಿದರೆ ಅವರದ್ದೇ, ಮುಗಿದರೆ ಮತ್ತೆ ಇಲ್ಲ. ಕೊನೆಯ ಮಾತನ್ನು ಉಳಿಸಿಕೊಳ್ಳೋದೇ ಕಷ್ಟ. ಮಗ ತೆಗೆದುಕೊಂಡ ಲೈಟಿನ ಬಂದೂಕು ಮನೆ ತಲುಪೋದರೊಳಗೆ ಕೆಟ್ಟುಹೋಗಬಹುದು, ಹೋಗಲಿ ಬಿಡಿ. "ಮೊದಲೇ ಹೇಳಿದ್ದೆ" ಅನ್ನಬೇಡಿ. ಇನ್ನೊಂದು ತೂತು ಅಜ್ಜಿ ಸೆರಗಿನ ಗಂಟಲ್ಲಿದೆ. ನೀವು ಇಲ್ಲ ಅಂದ ಎರಡು ನಿಮಿಷಕ್ಕೆ ಮೊಮ್ಮಗನ ಕೈಲಿ ನೂರರ ನೋಟು ಬಂದಿರುತ್ತೆ. ಅವರ ಜೊತೆ ಮೊದಲೇ ಮಾತಾಡಿ, ಅವರು ಕೊಡಬೇಕು ಅಂತಿದ್ದರೆ ಆ 300 ಅವರ ಕೈಯಿಂದಲೇ ಹೋಗಲಿ. ಅಜ್ಜಿಗೂ ಖುಷಿ, ಲೆಕ್ಕವೂ ತಪ್ಪಲ್ಲ.

ಎಲ್ಲಾ ಸೇರಿ 6,800 ಆಯ್ತು. ಉಳಿದ 1,200 ಮುಟ್ಟಬೇಡಿ. ಬಸ್ ತಪ್ಪಿತು, ಮಗುವಿಗೆ ಜ್ವರ ಬಂತು, ಚಪ್ಪಲಿ ಕಳೆದುಹೋಯ್ತು, ಇಂಥದ್ದಕ್ಕೆ ಅದು. ಅಂಗಡಿಗಳ ರೇಟು ಆಗಾಗ ಬದಲಾಗುತ್ತೆ, ಹಾಗಾಗಿ ಒಂದರಲ್ಲಿ ನೂರು ಇನ್ನೂರು ಹೆಚ್ಚಾದರೆ ಇನ್ನೊಂದರಲ್ಲಿ ಕಡಿಮೆ ಮಾಡಿ, ಈ 1,200ಕ್ಕೆ ಮಾತ್ರ ಕೈ ಹಾಕಬೇಡಿ.

ಯುಪಿಐ ಬಗ್ಗೆ ಒಂದು ಉಪಾಯ. ಸ್ಕ್ಯಾನ್ ಮಾಡಿ ಮಾಡಿ ಎಷ್ಟು ಹೋಯ್ತು ಅನ್ನೋದೇ ಗೊತ್ತಾಗಲ್ಲ. ಹೊರಡುವ ಮುಂಚೆ ಫೋನಿನ ಯುಪಿಐ ಲೈಟ್‌ಗೆ ಪಾರ್ಕ್ ಊಟದ 2,000 ಮಾತ್ರ ಹಾಕಿಕೊಳ್ಳಿ. ಅದರಲ್ಲಿ 5,000ದವರೆಗೆ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಬ್ಯಾಲೆನ್ಸ್ ಕರಗೋದು ಕಣ್ಣಿಗೆ ಕಾಣುತ್ತೆ. ಖಾಲಿಯಾದರೆ ಊಟದ ಬಾಬತ್ತು ಮುಗಿಯಿತು ಅಂತಲೇ ಅರ್ಥ. ದಾರಿ ಖರ್ಚು, ಆಟೊ ದುಡ್ಡು ನೋಟಿನಲ್ಲಿರಲಿ. ನೀರಿಗಿಳಿದಾಗ ಫೋನ್ ಲಾಕರ್‌ನಲ್ಲಿರುತ್ತೆ, ನೆನಪಿರಲಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವು ನಾಲ್ವರು ಸಿಂಗಾಪುರಕ್ಕೆ ಹೋಗ್ತಿದ್ದೇವೆ. ಯೂನಿವರ್ಸಲ್ ಸ್ಟುಡಿಯೋಸ್ ಟಿಕೆಟ್, ಹೋಟೆಲ್, ಬೆಳಗಿನ ತಿಂಡಿ ಪ್ಯಾಕೇಜ್‌ನಲ್ಲೇ ಇದೆ. ಕೈಖರ್ಚಿಗೆ ಡಾಲರ್ ತಗೊಳ್ಳೋದೋ, ಕಾರ್ಡ್ ಉಜ್ಜೋದೋ? (ಓದುಗರು, ಹುಬ್ಬಳ್ಳಿ)

ಎರಡೂ ಬೇಕು, ಆದರೆ ನಿಮ್ಮ ಮಾಮೂಲಿ ಕ್ರೆಡಿಟ್ ಕಾರ್ಡ್ ಮೇಲೆ ಪೂರ್ತಿ ನೆಚ್ಚಿಕೊಳ್ಳಬೇಡಿ. ಹೊರದೇಶದಲ್ಲಿ ಉಜ್ಜಿದರೆ ಬಹಳಷ್ಟು ಕಾರ್ಡ್‌ಗಳು 3.5 ಶೇಕಡದ ಆಸುಪಾಸು ಶುಲ್ಕ ಹಾಕ್ತಾವೆ, ಅದರ ಮೇಲೆ 18 ಶೇಕಡ ಜಿಎಸ್‌ಟಿ. ಒಂದು ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಸುಮ್ನೆ ಹೋಯ್ತು. ಫಾರೆಕ್ಸ್ ಕಾರ್ಡ್‌ಗೆ (ಹೊರದೇಶದ ಹಣ ಮೊದಲೇ ತುಂಬಿಸಿಡುವ ಕಾರ್ಡ್) ಸಿಂಗಾಪುರ ಡಾಲರ್ ತುಂಬಿಸಿಕೊಳ್ಳಿ, ಸಣ್ಣ ಖರ್ಚಿಗೆ ಸ್ವಲ್ಪ ನೋಟು ಇರಲಿ. ಇದನ್ನೆಲ್ಲ ಹುಬ್ಬಳ್ಳಿಯಲ್ಲೇ ಎರಡು ಮೂರು ಕಡೆ ರೇಟ್ ಕೇಳಿ ಮುಗಿಸಿ, ಏರ್‌ಪೋರ್ಟ್ ಕೌಂಟರ್‌ಗೆ ಬಿಡಬೇಡಿ. ಹಾಗಂತ ಸಿಕ್ಕಾಪಟ್ಟೆ ತುಂಬಿಸಲೂ ಬೇಡಿ. ಉಳಿದದ್ದನ್ನು ವಾಪಸ್ ರೂಪಾಯಿ ಮಾಡುವಾಗ ಮತ್ತೆ ಕಳೆದುಕೊಳ್ತೀರಿ.

ಅಲ್ಲಿ ಕಾರ್ಡ್ ಮಷಿನ್ ಒಮ್ಮೊಮ್ಮೆ ಕೇಳುತ್ತೆ, ರೂಪಾಯಲ್ಲಿ ಕೊಡ್ತೀರಾ, ಸಿಂಗಾಪುರ ಡಾಲರ್‌ನಲ್ಲಾ? ರೂಪಾಯಿ ನೋಡಿದರೆ ನಮ್ಮದೇ ಅನ್ನಿಸಿ ಬೆರಳು ಅಲ್ಲಿಗೇ ಹೋಗುತ್ತೆ. ಒತ್ತಬೇಡಿ. ಅಂಗಡಿ ಕಡೆಯವರು ಹಾಕುವ ವಿನಿಮಯ ದರ ನಿಮಗೆ ನಷ್ಟದ್ದೇ. ಯಾವಾಗಲೂ ಡಾಲರ್ ಒತ್ತಿ.

ಎಷ್ಟು ಬೇಕು ಅನ್ನೋದು ನೀವು ಎಲ್ಲಿ ಉಣ್ಣುತ್ತೀರಿ ಅನ್ನೋದರ ಮೇಲಿದೆ. ಹಾಕರ್ ಸೆಂಟರ್ ಅನ್ನೋ ಅಗ್ಗದ ಊಟದ ಮಳಿಗೆಗಳಲ್ಲಿ ಒಬ್ಬರ ಊಟ 5ರಿಂದ 8 ಡಾಲರ್‌ಗೆ ಮುಗಿಯುತ್ತೆ, ಪಾರ್ಕ್ ಒಳಗೆ ಅದರ ಎರಡು ಮೂರು ಪಟ್ಟು. ಹಾಗಾಗಿ ಪಾರ್ಕ್ ದಿನಕ್ಕೆ ಬೇರೆ ಲೆಕ್ಕ, ಉಳಿದ ದಿನಕ್ಕೆ ಬೇರೆ ಲೆಕ್ಕ ಮಾಡಿ. ಸಸ್ಯಾಹಾರಿಗಳಾದರೆ ಲಿಟಲ್ ಇಂಡಿಯಾದಲ್ಲಿ ದೋಸೆ, ಊಟ ಆರಾಮಾಗಿ ಸಿಗುತ್ತೆ, ರಾತ್ರಿ ಊಟ ಅಲ್ಲೇ ಇಟ್ಟುಕೊಳ್ಳಿ. ನೀರಿಗೆ ದುಡ್ಡು ಕೊಡೋ ಅಗತ್ಯವೇ ಇಲ್ಲ, ಅಲ್ಲಿನ ನಲ್ಲಿ ನೀರು ಕುಡಿಯಬಹುದು. ಮನೆಯಿಂದ ಖಾಲಿ ಬಾಟಲಿ ಒಯ್ಯಿರಿ. ಪಾರ್ಕ್ ಇರೋದು ಸೆಂಟೋಸಾ ದ್ವೀಪದಲ್ಲಿ. ಆ ದಿನದ ಓಡಾಟ ಪ್ಯಾಕೇಜ್‌ನಲ್ಲಿ ಇಲ್ಲದಿದ್ದರೆ ವಿವೊಸಿಟಿ ಮಾಲ್ ಹತ್ತಿರದ ಬೋರ್ಡ್‌ವಾಕ್ ಮೇಲೆ ನಡೆದೇ ಹೋಗಿ, ಸಮುದ್ರ ನೋಡುತ್ತಾ ಹೋಗುವ ಒಳ್ಳೆ ದಾರಿ.

ಸಾಮಾನು ಕೊಳ್ಳುವ ಆಸೆಯಿದ್ದರೆ, ಕನಿಷ್ಠ 100 ಸಿಂಗಾಪುರ ಡಾಲರ್‌ನ ಖರೀದಿಗೆ ಪ್ರವಾಸಿಗರಿಗೆ ಅಲ್ಲಿನ 9 ಶೇಕಡ ಜಿಎಸ್‌ಟಿ ವಾಪಸ್ ಪಡೆಯುವ ಅವಕಾಶ ಇದೆ. ನಿರ್ವಹಣಾ ಶುಲ್ಕ ಹಿಡಿದು ಉಳಿದದ್ದು ಸಿಗುತ್ತೆ. ಯೋಜನೆಯಲ್ಲಿರುವ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ, ವಿಮಾನ ಹತ್ತುವ ಮೊದಲು ಕ್ಲೇಮ್ ಮಾಡಿ. ಊಟ, ಹೋಟೆಲ್‌ಗೆ ಇದು ಅನ್ವಯಿಸಲ್ಲ. ಹಾಂ, ನಿಮ್ಮ ಟೂರ್‌ನವರು ಪ್ಯಾಕೇಜ್ ಹಣದ ಜೊತೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಅಂತ ಹಿಡಿದಿರುತ್ತಾರೆ. ಅದು ಹೋದ ದುಡ್ಡಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಆದಾಯ ತೆರಿಗೆ ಖಾತೆಯಲ್ಲಿ ಕಾಣುತ್ತೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಮಾಡಿಕೊಳ್ಳಿ. ತೆರಿಗೆ ಬಾಕಿ ಇಲ್ಲದಿದ್ದರೆ ರಿಫಂಡ್ ಬರುತ್ತೆ.

ಪ್ರಶ್ನೆ: ಒಂದು ಪಾರ್ಕ್‌ನಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಂಡರು. ಊಟದ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಬೇರೆ. ಹೀಗೆ ಮಾಡಬಹುದಾ? (ಓದುಗರು, ತುಮಕೂರು)

ಬಾಟಲಿ ಎಲ್ಲಿ ಕೊಂಡಿರಿ ಅನ್ನೋದು ಮುಖ್ಯ. ಅಂಗಡಿ, ಸ್ಟಾಲ್‌ನಲ್ಲಿ ಸೀಲ್ ಬಾಟಲಿ ಕೈಗೆ ಕೊಟ್ಟು ಎಂಆರ್‌ಪಿಗಿಂತ ಜಾಸ್ತಿ ಕೇಳುವಂತಿಲ್ಲ. ಕೂತು ತಿನ್ನುವ ರೆಸ್ಟೊರೆಂಟ್‌ನಲ್ಲಿ ಟೇಬಲ್‌ಗೆ ತಂದುಕೊಟ್ಟರೆ ಮಾತು ಬೇರೆ. ಅಲ್ಲಿ ಸೇವೆಯೂ ಸೇರಿರುತ್ತೆ, ಎಂಆರ್‌ಪಿ ಮೀರಿ ತಗೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಒಳಗೆ ನೀರು ಕೊಳ್ಳೋದಾದರೆ ಸ್ಟಾಲ್‌ನಲ್ಲೇ ಕೊಳ್ಳಿ.

ಸರ್ವಿಸ್ ಚಾರ್ಜ್ ಕೊಡಲೇಬೇಕು ಅಂತಿಲ್ಲ. ಬಿಲ್‌ನಲ್ಲಿ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ನಗುತ್ತಲೇ ಕೇಳಿ. ಹುಡುಗ ಚೆನ್ನಾಗಿ ಬಡಿಸಿದ್ದರೆ ಅವನ ಕೈಗೇ ಇಪ್ಪತ್ತೋ ಐವತ್ತೋ ಕೊಡಿ. ತೆಗೆಯಲ್ಲ ಅಂದರೆ ಬಿಲ್ ಮಾತ್ರ ಕೇಳಿ ಇಸಕೊಳ್ಳಿ, ಬಾಟಲಿ ವಿಷಯವಾದರೆ ಎಂಆರ್‌ಪಿ ಕಾಣುವ ಹಾಗೆ ಅದರದ್ದೊಂದು ಫೋಟೊ ತೆಗೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಇವೆರಡೂ ಬೇಕಾಗುತ್ತವೆ. ಆ ದಿನದ ಬಿಲ್ ಇನ್ನೂ ನಿಮ್ಮ ಹತ್ತಿರ ಇದ್ದರೆ ಈಗಲೂ ಕರೆ ಮಾಡಿ ನೋಡಬಹುದು.