ಬಾರ್ಲೋ ವಾಪಸ್ ಕಳಿಸುವ ಮುಂಚೆ

ಪ್ರಶ್ನೆ: ನನ್ನದು 150 ಮಿ.ಮೀ. ಕನ್ನಡಿ, 750 ಮಿ.ಮೀ. ಫೋಕಲ್ ಲೆಂತ್ ಇರುವ ನ್ಯೂಟೋನಿಯನ್ ಟೆಲಿಸ್ಕೋಪ್. ಹಳೆಯ 25 ಮತ್ತು 12 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಜೊತೆಗೆ ಈಗ 6 ಮಿ.ಮೀ. ಐಪೀಸ್, ಎರಡು ಪಟ್ಟಿನ ಬಾರ್ಲೋ (ಚಿತ್ರವನ್ನು ಇನ್ನೂ ಎರಡು ಪಟ್ಟು ಹಿಗ್ಗಿಸುವ ಮಸೂರ), ಲೇಸರ್ ಕಾಲಿಮೇಟರ್ (ಕನ್ನಡಿಗಳು ನೇರವಾಗಿ ಕೂತಿವೆಯೇ ಅಂತ ನೋಡುವ ಸಾಧನ) ತಗೊಂಡಿದ್ದೇನೆ. ಮನೆಯೊಳಗಿಂದ ಹೊರಗೆ ತಂದ ಕೂಡಲೇ 6 ಮಿ.ಮೀ. ಐಪೀಸನ್ನು ಬಾರ್ಲೋಗೆ ಹಾಕಿ ನೋಡಿದೆ. ಕನ್ನಡಿಗಳು ಸರಿಯಾಗಿವೆ ಅಂತ ಲೇಸರ್ ಹೇಳುತ್ತದೆ. ಆದರೂ ಗುರುವಿನ ಪಟ್ಟೆಗಳು ಕಾಣಲಿಲ್ಲ, ನಕ್ಷತ್ರಕ್ಕೆ ಒಂದು ಕಡೆ ಬಾಲ ಇತ್ತು. ಬಾರ್ಲೋ ವಾಪಸ್ ಕಳಿಸಲಾ?

ಉತ್ತರ: ಈಗಲೇ ಬೇಡ. ಗಾಳಿ, ಕನ್ನಡಿಯ ಬಿಸಿ, ಕನ್ನಡಿಗಳ ಓರೆ, ಕೊನೆಗೆ ನಿಮ್ಮ ಕಣ್ಣು (ಬೇಜಾರು ಮಾಡಿಕೊಳ್ಳಬೇಡಿ), ಇಷ್ಟನ್ನು ವಿಚಾರಿಸದೆ ಪಾಪದ ಬಾರ್ಲೋ ಮೇಲೆ ಯಾಕೆ ಹಾಕುವುದು?

ಬಾರ್ಲೋ ಜೊತೆ 6 ಮಿ.ಮೀ. ಅಂದರೆ 250 ಪಟ್ಟು. ಈ ಅಳತೆಯ ಕನ್ನಡಿಯನ್ನು 300ರವರೆಗೆ ಎಳೆಯಬಹುದು ಅಂತ ಹೇಳುತ್ತಾರೆ. ಅದು ಗಾಳಿ ಅಲ್ಲಾಡದ ರಾತ್ರಿಯ ಮಾತು. ನಕ್ಷತ್ರಗಳು ಜೋರಾಗಿ ಮಿನುಗುವ ರಾತ್ರಿ ನೋಡಲು ಚೆಂದ, ಟೆಲಿಸ್ಕೋಪಿಗೆ ಕೆಟ್ಟದ್ದು. ಆಗ 250 ಪಟ್ಟಿನಲ್ಲಿ ಗುರು ನೀರಿನ ತಳದ ನಾಣ್ಯದ ಹಾಗೆ ಕುಣಿಯುತ್ತದೆ. ಯಾವ ದುಬಾರಿ ಬಾರ್ಲೋ ಹಾಕಿದರೂ ಅಷ್ಟೇ.

ಮುಂದಿನ ಸಲ ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಡಿ. ಬಾರ್ಲೋ ಡಬ್ಬಿಯಲ್ಲೇ ಇರಲಿ. ತಲೆಯ ಮೇಲೆ ಚೆನ್ನಾಗಿ ಏರಿರುವ, ತೀರಾ ಪ್ರಖರವಲ್ಲದ ಒಂದು ನಕ್ಷತ್ರ ಆರಿಸಿ. 6 ಮಿ.ಮೀ. ಐಪೀಸಿನಲ್ಲಿ ಅದನ್ನು ಸರಿಯಾಗಿ ನಡುವೆ ತನ್ನಿ. ಈಗ ಫೋಕಸ್ ಗುಂಡಿ ಸ್ವಲ್ಪ ತಿರುಗಿಸಿ, ಬೇಕಂತಲೇ ಮಸುಕು ಮಾಡಿ. ಚುಕ್ಕಿ ಅರಳಿ ಬಿಲ್ಲೆಯಾಗುತ್ತದೆ. ಅದರಲ್ಲಿ ಒಂದರೊಳಗೊಂದು ಉಂಗುರ, ನಡುವೆ ಕಪ್ಪು ತೂತು. ಆ ತೂತು ಚಿಕ್ಕ ಕನ್ನಡಿಯ ನೆರಳು. ಅದು ಒಂದು ಪಕ್ಕಕ್ಕೆ ಸರಿದಿದ್ದರೆ ನಿಮ್ಮ ಬಾಲದ ಕಾರಣ ಸಿಕ್ಕಿತು: ಕನ್ನಡಿಗಳು ಓರೆಯಾಗಿವೆ. ನಕ್ಷತ್ರ ನಡುವೆ ಇದ್ದಾಗಲೂ ಬಾಲ ಇತ್ತಾ ಅಂತ ಒಮ್ಮೆ ನೋಡಿಕೊಳ್ಳಿ. ಅಂಚಿನಲ್ಲಿ ಮಾತ್ರ ಇದ್ದರೆ ಅದು ಇಂಥ ಗಿಡ್ಡ ನ್ಯೂಟೋನಿಯನ್‌ಗಳ ಹುಟ್ಟುಗುಣ. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ಬಿಲ್ಲೆಯೊಳಗೆ ಏನೋ ಕುದಿಯುವಂತೆ ಕಂಡರೆ ಬಿಸಿ ಇನ್ನೂ ಇಳಿದಿಲ್ಲ. ಬಿಸಿ ಹೇಗೆ ಕಾಣುತ್ತದೆ ಅಂತ ಗೊತ್ತಾಗಬೇಕಾ? ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಬಿಲ್ಲೆಯ ಮೇಲೆ ಬೆರಳುಗಳ ನೆರಳು ಬೀಳುತ್ತದೆ, ಅವುಗಳ ಅಂಚಿನಿಂದ ಬಿಸಿ ಗಾಳಿ ಸುರುಳಿ ಸುರುಳಿಯಾಗಿ ಏಳುವುದು ಕಾಣುತ್ತದೆ. ಚಿತ್ರ ತಲೆಕೆಳಗಾದ್ದರಿಂದ ಅದು ಕೆಳಗೆ ಹರಿದ ಹಾಗೆ ಕಂಡರೂ ಗಾಬರಿ ಬೇಡ. ಹೊಸಬರಿಗೆ ಶನಿಯ ಬಳೆಗಿಂತ ಮೊದಲು ನಾನು ತೋರಿಸುವುದು ಇದನ್ನೇ.

ಗುಂಡಿಯನ್ನು ಈ ಕಡೆ ತಿರುಗಿಸಿದಾಗ ಬಿಲ್ಲೆ ಉದ್ದಕ್ಕೆ, ಆ ಕಡೆ ತಿರುಗಿಸಿದಾಗ ಅಡ್ಡಕ್ಕೆ ಹಿಗ್ಗಿದರೆ ಅದು ಅಸ್ಟಿಗ್ಮ್ಯಾಟಿಸಂ, ಅಂದರೆ ಎಲ್ಲ ದಿಕ್ಕಿನ ಬೆಳಕು ಒಂದೇ ಕಡೆ ಕೂಡದ ದೋಷ. ಯಾರದ್ದು? ತಲೆ ಓರೆ ಮಾಡಿ ನೋಡಿ. ಹಿಗ್ಗಿದ ಆಕಾರವೂ ಜೊತೆಗೇ ತಿರುಗಿದರೆ ನಿಮ್ಮ ಕಣ್ಣಿನದ್ದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದ್ದು. ಎರಡಕ್ಕೂ ಜಗ್ಗದಿದ್ದರೆ ಕನ್ನಡಿಗಳದ್ದು. ಕಣ್ಣಿನ ದೋಷ ಕಾಡುವುದು ಕಡಿಮೆ ಪಟ್ಟಿನಲ್ಲೇ ಜಾಸ್ತಿ. ಹಾಗಾಗಿ 250ರ ಮಟ್ಟಿಗೆ ನಿಮ್ಮ ಕಣ್ಣನ್ನು ಬಿಟ್ಟುಬಿಡಬಹುದು.

ಇನ್ನು ಲೇಸರ್. ಅದನ್ನು ಸಿಕ್ಕಿಸಿದ ಜಾಗದಲ್ಲೇ ಒಂದು ಸುತ್ತು ತಿರುಗಿಸಿ. ದೊಡ್ಡ ಕನ್ನಡಿಯ ಮೇಲಿನ ಕೆಂಪು ಚುಕ್ಕಿ ನಿಂತಲ್ಲೇ ನಿಲ್ಲಬೇಕು. ವೃತ್ತ ಬರೆದರೆ ಲೇಸರೇ ಓರೆ, ಅದರ ಸಾಕ್ಷಿ ನಡೆಯುವುದಿಲ್ಲ. ದೊಡ್ಡವರಿಗೂ ಇದು ಆಗಿದೆ. 1990ರಲ್ಲಿ ಹಾರಿದ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ 2.4 ಮೀಟರ್ ಕನ್ನಡಿಯನ್ನು ಬಹಳ ನಯವಾಗಿಯೇ ಉಜ್ಜಿದ್ದರು. ಆದರೆ ಅದನ್ನು ಅಳೆಯುವ ಸಾಧನದಲ್ಲೇ ಒಂದು ಮಸೂರ 1.3 ಮಿ.ಮೀ. ಆಚೀಚೆ ಕೂತಿತ್ತು. ಏನೋ ಸರಿಯಿಲ್ಲ ಅಂತ ಬೇರೆ ಪರೀಕ್ಷೆಗಳು ಹೇಳಿದರೂ ಇದನ್ನೇ ನಂಬಿದರು. ಕನ್ನಡಿಯ ಅಂಚು 2.2 ಮೈಕ್ರಾನ್ ಜಾಸ್ತಿ ಚಪ್ಪಟೆಯಾಯಿತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಸರಿಮಾಡಬೇಕಾಯಿತು.

ಇಷ್ಟಾದ ಮೇಲೆ ಬಾರ್ಲೋ ತೆಗೆಯಿರಿ. ಅದಕ್ಕೆ ನಿಮ್ಮ ಹಳೆಯ 12 ಮಿ.ಮೀ. ಐಪೀಸ್ ಹಾಕಿ. ಆಗ ಸಿಗುವುದು 125 ಪಟ್ಟು. ಬರೀ 6 ಮಿ.ಮೀ. ಕೊಡುವುದೂ ಅಷ್ಟೇ. ಸಪ್ತರ್ಷಿಗಳಲ್ಲಿ ವಸಿಷ್ಠನ ಕಡೆ ತಿರುಗಿಸಿ. ಬರಿಗಣ್ಣಿಗೆ ಕಾಣುವ ಅರುಂಧತಿ ಇರಲಿ, ವಸಿಷ್ಠನೇ 14 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಆರ್ಕ್‌ಸೆಕೆಂಡ್) ಅಂತರದ ಎರಡು ನಕ್ಷತ್ರ. ಅದು ಸುಲಭ. ಮಿಥುನ ರಾಶಿಯ ಕ್ಯಾಸ್ಟರ್ ಜೋಡಿಯ ಅಂತರ ಸುಮಾರು 5, ಅದೇ ನಿಜವಾದ ಪರೀಕ್ಷೆ. ಎರಡೂ ಜೋಡಣೆಯನ್ನು ಅದಲು ಬದಲು ಮಾಡಿ ನೋಡಿ. ಬಾರ್ಲೋ ಇದ್ದಾಗ ಮಾತ್ರ, ಪ್ರತಿ ಸಲವೂ ಚುಕ್ಕಿಗಳು ಹರಡಿಕೊಂಡರೆ ಧಾರಾಳವಾಗಿ ವಾಪಸ್ ಕಳಿಸಿ.

ಪ್ರಶ್ನೆ: ಹೊಸ ಓ-ತ್ರೀ ಫಿಲ್ಟರ್ ಹಾಕಿ ದೇವಯಾನಿ ಗ್ಯಾಲಕ್ಸಿ ನೋಡಿದೆ. ಇನ್ನೂ ಮಂಕಾಯಿತು. ನಕಲಿ ಮಾಲೇ?

ಉತ್ತರ: ಫಿಲ್ಟರ್ ತನ್ನ ಕೆಲಸ ಮಾಡಿದೆ, ನೀವು ತೋರಿಸಿದ ವಸ್ತು ಬೇರೆ. ಗ್ಯಾಲಕ್ಸಿಯದು ಕೋಟ್ಯಂತರ ನಕ್ಷತ್ರಗಳ ಬೆಳಕು, ಅದರಲ್ಲಿ ಎಲ್ಲ ಬಣ್ಣವೂ ಇದೆ. ಈ ಫಿಲ್ಟರ್ ಬಿಡುವುದು 496 ಮತ್ತು 501 ನ್ಯಾನೋಮೀಟರ್ ಸುತ್ತಲಿನ ಹಸಿರನ್ನು ಮಾತ್ರ. ಈ ಹಸಿರಿನಲ್ಲೇ ಹೊಳೆಯುವ ಅನಿಲದ ಮೋಡಗಳಾದ ಎಂ57 ಅಥವಾ ಎಂ27 ನೀಹಾರಿಕೆಗೆ ಹೋಗಿ. ಫಿಲ್ಟರನ್ನು ಸುತ್ತಿ ಕೂರಿಸಬೇಡಿ. ಐಪೀಸಿಗೂ ಕಣ್ಣಿಗೂ ನಡುವೆ ಬೆರಳಲ್ಲಿ ಹಿಡಿದು ಸುಮ್ನೆ ಒಳಗೆ ಹೊರಗೆ ಸರಿಸಿ. ನಕ್ಷತ್ರಗಳು ಮಂಕಾಗಿ ನೀಹಾರಿಕೆ ಎದ್ದು ಕಂಡರೆ ಅಸಲಿ.

ಪ್ರಶ್ನೆ: ಹೊಸ ಫೈಂಡರನ್ನು (ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲೆ ಕೂರಿಸುವ ಪುಟ್ಟ ದುರ್ಬೀನು) ಹಗಲಲ್ಲೇ ಹೊಂದಿಸಬಹುದೇ?

ಉತ್ತರ: ಅದೇ ಸುಲಭ. ಸೂರ್ಯನಿಗೆ ಬೆನ್ನು ಹಾಕಿ, ದೂರದ ಕಂಬದ ತುದಿಯೊಂದನ್ನು ಹಿಡಿಯಿರಿ. ಬಿಸಿಲಲ್ಲಿ ಬಿಟ್ಟು ಒಳಗೆ ಹೋಗುವಾಗ ಟೆಲಿಸ್ಕೋಪಿಗೂ ಫೈಂಡರಿಗೂ ಮುಚ್ಚಳ ಹಾಕಿ. ಮಕ್ಕಳು ಬಂದು ಕಣ್ಣಿಡುತ್ತಾರೆ.