ಗ್ರೀಕ್ ಬರಲಿಲ್ಲ ಎಂದರೆ ದೇವರ ಕರೆಯೇ ಇಲ್ಲವೆ?

(ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಲಾಗಿದೆ. ಸಲಹೆ ಪಡೆದವರ ಒಪ್ಪಿಗೆಯೊಂದಿಗೆ ಪ್ರಕಟಿಸಲಾಗಿದೆ.)

ಯುವಕನ ವಯಸ್ಸು 26. ಗದಗ ಕಡೆಯ ಹಳ್ಳಿಯವನು. ಬಿ.ಎ.ವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಸಭಾಪ್ರಾಂತದ (ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ) ಶಿಫಾರಸಿನ ಮೇಲೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಗಾಗಿ ದೈವಶಾಸ್ತ್ರ ಕಾಲೇಜು ಸೇರಿದ್ದ. ತಂದೆ ಮೂರು ಹಳ್ಳಿಗಳ ಕ್ರೈಸ್ತ ಸಭೆ ನೋಡಿಕೊಳ್ಳುವ ಉಪದೇಶಿ. ಎರಡನೇ ವರ್ಷದಲ್ಲಿ, ಬೈಬಲಿನ ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕ್ ಒಂದರಲ್ಲಿ ಮಾತ್ರ ಫೇಲಾದ. ಉಳಿದ ವಿಷಯಗಳಲ್ಲಿ ಅಂಕಗಳು ಚೆನ್ನಾಗಿಯೇ ಇದ್ದವು. ಆಮೇಲೆ ಆರು ವಾರ ಗ್ರೀಕ್ ತರಗತಿಗೆ ಕಾಲಿಡಲಿಲ್ಲ, ಮನೆಗೆ ವಿಷಯ ತಿಳಿಸಲಿಲ್ಲ, ಪ್ರಸಂಗ (ಸಭೆಯಲ್ಲಿ ಮಾಡುವ ಉಪದೇಶ) ಅಭ್ಯಾಸದ ಸರದಿ ಬಂದಾಗ ಜ್ವರವೆಂದು ಮಲಗಿಬಿಟ್ಟ. ಅವನನ್ನು ಆಪ್ತಸಲಹೆಗೆ ನಮ್ಮಲ್ಲಿಗೆ ಕರೆತಂದದ್ದು ರೂಮ್‌ಮೇಟ್.

ಮೊದಲ ಭೇಟಿಯಲ್ಲಿ ಅವನ ಬಾಯಿಂದ ಹೊರಟ ಮಾತು ಇಷ್ಟೇ: "ದೇವ್ರು ನನ್ನ ಕರದೇ ಇಲ್ಲೇನೋ ಅನ್ಸಾಕತ್ತೈತ್ರಿ ಸರ್. ಕರದಿದ್ರ ಆತನ ವಾಕ್ಯದ ಭಾಷಾ ಬರ್ತಿರಲಿಲ್ಲೇನ್ರಿ?"

ಸೆಮಿನರಿ (ದೈವಶಾಸ್ತ್ರ ಕಾಲೇಜು) ವಿದ್ಯಾರ್ಥಿಗಳಲ್ಲಿ ಈ ಗಂಟು ಮತ್ತೆಮತ್ತೆ ಕಾಣಸಿಗುತ್ತದೆ. ಎಂಜಿನಿಯರಿಂಗ್ ಹುಡುಗ ಗಣಿತದಲ್ಲಿ ಫೇಲಾದರೆ ಗಣಿತವನ್ನು ಬೈಯುತ್ತಾನೆ. ಇಲ್ಲಿ ಹಾಗಲ್ಲ, ಒಂದು ಪತ್ರಿಕೆಯ ಅಂಕ ನೇರವಾಗಿ ದೇವರ ತೀರ್ಪಾಗಿಬಿಡುತ್ತದೆ. ಆದ್ದರಿಂದ ಓದಿನ ತೊಂದರೆ ಯಾವುದು, ಕರೆಯ (ದೇವರು ತನ್ನನ್ನು ಸಭೆಯ ಸೇವೆಗೆ ಕರೆದಿದ್ದಾನೆಯೇ ಎಂಬ) ಪ್ರಶ್ನೆ ಯಾವುದು ಎಂದು ಬೇರೆಬೇರೆ ಮಾಡುವುದೇ ಸಲಹೆಗಾರರ ಮೊದಲ ಕೆಲಸ. ಎರಡನ್ನೂ ಒಟ್ಟಿಗೆ ಬಿಡಿಸಹೊರಟರೆ ಎರಡೂ ಬಿಡುವುದಿಲ್ಲ.

ಅದಕ್ಕೂ ಮೊದಲು ಜೀವಕ್ಕೆ ಅಪಾಯವಿದೆಯೇ ಎಂದು ನೋಡಬೇಕು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆವು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸಾಯಬೇಕೆಂದಲ್ಲ, ಎಲ್ಲಾದರೂ ಹೋಗಿಬಿಡಬೇಕು ಅನಿಸುತ್ತದೆ ಎಂದ. ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ 13 ಬಂತು. ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಸೂಚನೆ. ರಾತ್ರಿ ಎರಡರವರೆಗೆ ಗ್ರೀಕ್ ಪದರೂಪಗಳ ಪಟ್ಟಿ (ರೂಪಾವಳಿ) ಬಾಯಿಪಾಠ, ಬೆಳಗ್ಗೆ ಆರಕ್ಕೆ ಚಾಪೆಲ್‌ನಲ್ಲಿ ಪ್ರಾರ್ಥನೆ, ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆ. ಓದಿದ್ದು ತಲೆಯಲ್ಲಿ ನೆಲೆಯೂರಲು ನಿದ್ದೆ ಬೇಕೇ ಬೇಕು. ಹಾಗಾಗಿ ಮೊದಲ ವಾರ ಗ್ರೀಕ್ ಪುಸ್ತಕ ಮುಟ್ಟಬಾರದು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು ಎಂದು ಒಪ್ಪಿಸಿದೆವು. ಮನಸ್ಸು ತೀರಾ ಕುಗ್ಗಿದರೆ ರೂಮ್‌ಮೇಟ್‌ನನ್ನು ಎಬ್ಬಿಸುವುದು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡುವುದು ಎಂದು ಬರೆದುಕೊಟ್ಟೆವು. ನಾಲ್ಕು ವಾರದಲ್ಲಿ ಆ ಪ್ರಶ್ನಾವಳಿಯ ಅಂಕ ಇಳಿಯದಿದ್ದರೆ ಮನೋವೈದ್ಯರ ಬಳಿ ಕಳಿಸುವುದೆಂದು ಆಗಲೇ ಹೇಳಿದ್ದೆವು.

ಎರಡನೇ ಭೇಟಿಗೆ ಅವನ ಉತ್ತರಪತ್ರಿಕೆಯನ್ನೂ ನೋಟ್‌ಬುಕ್ಕನ್ನೂ ತರಿಸಿದೆವು. ಭಾಷೆಯ ಪತ್ರಿಕೆಯಲ್ಲಿ ಸೋತವರ ವಿಷಯದಲ್ಲಿ ಇದನ್ನು ತಪ್ಪದೆ ಮಾಡಬೇಕು, ಏಕೆಂದರೆ ತಪ್ಪುಗಳು ಸುಮ್ಮನೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಿಲ್ಲ.

ಯೋಹಾನನ ಸುವಾರ್ತೆಯ ಮೊದಲ ವಚನವನ್ನೇ ತೆಗೆದುಕೊಳ್ಳಿ. 'ಎನ್ ಆರ್ಖೇ ಏನ್ ಹೊ ಲೊಗೊಸ್', ಅಂದರೆ 'ಆದಿಯಲ್ಲಿ ವಾಕ್ಯವಿತ್ತು'. ಮೊದಲನೆಯ 'ಎನ್' ಅಂದರೆ '-ಅಲ್ಲಿ'. ಎರಡನೆಯ 'ಏನ್' ಅಂದರೆ 'ಇತ್ತು'. ಅವನು ಎರಡನ್ನೂ ಒಂದೇ ಎಂದುಕೊಂಡು ಕ್ರಿಯಾಪದವನ್ನೇ ಕಳೆದುಕೊಂಡಿದ್ದ. ಪಠ್ಯಪುಸ್ತಕ ಇಂಗ್ಲಿಷಿನದು, ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ, ಎರಡೂ ಒಂದೇ ಥರ ಕಾಣುತ್ತಿದ್ದವು. ಕನ್ನಡಕ್ಕಾದರೆ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘಗಳು ಇದ್ದೇ ಇವೆ. ಕಾಲೇಜಿನಲ್ಲಿ ಕಲಿಸುವ ಉಚ್ಚಾರದಲ್ಲಿ ಎಪ್ಸಿಲಾನ್-ಏಟಾ, ಒಮಿಕ್ರಾನ್-ಒಮೆಗಾ ಎಂಬ ಗ್ರೀಕ್ ಸ್ವರಾಕ್ಷರಗಳಿಗೆ ಅವು ಸರಿಯಾಗಿ ಹೊಂದುತ್ತವೆ. ಉಚ್ಚಾರವನ್ನು ಕನ್ನಡದಲ್ಲೇ ಬರೆದುಕೋ ಎಂದಾಗ ಅವನ ಮುಖದಲ್ಲಿ ಮೊದಲ ಬಾರಿ ಗೆಲುವು ಕಂಡಿತು.

ವಿಭಕ್ತಿಯ ಕಥೆಯೂ ಹೀಗೆಯೇ. ನಾಮಿನೇಟಿವ್, ಜೆನಿಟಿವ್ ಎಂಬ ಹೆಸರುಗಳನ್ನು ಉರು ಹೊಡೆದಿದ್ದ, ಒಳಗೇನಿದೆ ಎಂದು ಗೊತ್ತಿರಲಿಲ್ಲ. ಲೊಗೊಸ್, ಲೊಗೂ, ಲೊಗೋ, ಲೊಗೊನ್ ಎಂದರೆ ವಾಕ್ಯವು, ವಾಕ್ಯದ, ವಾಕ್ಯಕ್ಕೆ, ವಾಕ್ಯವನ್ನು. ಇಷ್ಟನ್ನು ಪಕ್ಕಪಕ್ಕ ಬರೆದರೆ ಅರ್ಧ ದಾರಿ ಮುಗಿಯಿತು. ಆದರೆ ಇಲ್ಲೊಂದು ಹುಷಾರು ಬೇಕು. ನಮ್ಮ ತೃತೀಯಾ, ಸಪ್ತಮೀ ವಿಭಕ್ತಿಗಳ ಕೆಲಸವನ್ನೂ ಗ್ರೀಕಿನ ಡೇಟಿವ್ (ಮೇಲಿನ 'ಲೊಗೋ' ರೂಪ) ಮಾಡುತ್ತದೆ. ಪಂಚಮಿಯ ಕೆಲಸ ಜೆನಿಟಿವ್‌ನ ('ಲೊಗೂ' ರೂಪದ) ಪಾಲಿಗೆ ಬರುತ್ತದೆ. ಡೇಟಿವ್ ಕಂಡಲ್ಲೆಲ್ಲ 'ಕ್ಕೆ' ಹಾಕಿದರೆ 'ಆದಿಯಲ್ಲಿ' ಎಂಬುದು 'ಆದಿಗೆ' ಆಗುತ್ತದೆ. ಅವನ ಪತ್ರಿಕೆಯಲ್ಲಿ ಹಾಗೇ ಆಗಿತ್ತು.

ಇನ್ನು ಆರ್ಟಿಕಲ್, ಅಂದರೆ ಇಂಗ್ಲಿಷಿನ 'the' ಥರ ನಾಮಪದದ ಮುಂದೆ ಬರುವ ಪದ. ಕನ್ನಡದಲ್ಲಿ ಅದು ಇಲ್ಲವೇ ಇಲ್ಲ, ಹಾಗಾಗಿ ನಮ್ಮವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೂರು ಲಿಂಗ, ನಾಲ್ಕು ವಿಭಕ್ತಿ, ಏಕವಚನ-ಬಹುವಚನ ಎರಡು, ಒಟ್ಟು 24 ಮನೆಗಳ ಪಟ್ಟಿ ನೋಡಿದರೆ ಯಾರಿಗಾದರೂ ಎದೆ ಒಡೆಯುತ್ತದೆ, ನಿಜ. ಆದರೂ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ ಪಟ್ಟಿ ಅದೇ. ಆ ಮೊದಲ ವಚನದ ಕೊನೆಯಲ್ಲಿ 'ಥೆಒಸ್ ಏನ್ ಹೊ ಲೊಗೊಸ್' ಎಂದಿದೆ. ಪದಗಳ ಕ್ರಮ ನೋಡಿ ಅವನು 'ದೇವರು ವಾಕ್ಯವಾಗಿದ್ದನು' ಎಂದು ಬರೆದಿದ್ದ. ಕರ್ತೃ ಯಾವುದೆಂದು ಅಲ್ಲಿ ಹೇಳುವುದು 'ಹೊ' ಎಂಬ ಆ ಪುಟ್ಟ ಆರ್ಟಿಕಲ್. 'ವಾಕ್ಯವು ದೇವರಾಗಿತ್ತು' ಎಂಬ ಅನುವಾದ ನಿಂತಿರುವುದೇ ಅದರ ಮೇಲೆ. ಇದನ್ನು ಕಂಡ ಮೇಲೆ ಪಟ್ಟಿ ಕಲಿಯುವುದು ಅವನಿಗೆ ಶಿಕ್ಷೆ ಅನಿಸಲಿಲ್ಲ.

ಓದಿನ ಕ್ರಮವನ್ನು ಗ್ರೀಕ್ ಅಧ್ಯಾಪಕರ ಜೊತೆ ಕೂತು ಗೊತ್ತುಮಾಡಿದೆವು. ವಾರಕ್ಕೆ ಆರು ದಿನ, ದಿನಕ್ಕೆ 45 ನಿಮಿಷ, ಅದೂ ಹಗಲಿನಲ್ಲಿ. ಮೊದಲ ಹತ್ತು ನಿಮಿಷ ಹೊಸ ಒಡಂಬಡಿಕೆಯಲ್ಲಿರುವ ಯೋಹಾನನ ಮೊದಲ ಪತ್ರದ ಐದೇ ವಚನಗಳನ್ನು ಜೋರಾಗಿ ಓದುವುದು. ಇಡೀ ವಾರ ಅವೇ ವಚನಗಳು. ಆಮೇಲೆ 15 ನಿಮಿಷ ಪದಗಳು. ಹೊಸ ಒಡಂಬಡಿಕೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಸಲ ಬರುವ ಪದಗಳು ಸುಮಾರು 310; ಇಷ್ಟು ಬಂದರೆ ಪಠ್ಯದ ಶೇ. 80ರಷ್ಟು ಪದಗಳು ಪರಿಚಿತವಾಗಿರುತ್ತವೆ. ದಿನಕ್ಕೆ ಹತ್ತರಂತೆ ನಾಲ್ಕು ದಿನ ಹೊಸವು, ಎರಡು ದಿನ ಹಳೆಯವು. ಎಂಟು ವಾರಕ್ಕೆ ಮುಗಿಯುತ್ತದೆ. ರಟ್ಟಿನ ಚೀಟಿಯ ಒಂದು ಬದಿ ಗ್ರೀಕ್, ಇನ್ನೊಂದು ಬದಿ ಕನ್ನಡ. ಇಂಗ್ಲಿಷ್ ಅರ್ಥ ಬರೆದರೆ ನೆನಪಿಗೆ ಎರಡು ಮೆಟ್ಟಿಲು ಹತ್ತುವ ಕೆಲಸವಾಗುತ್ತದೆ. ಉಳಿದ 20 ನಿಮಿಷ ಎರಡು ವಚನಗಳ ಪದವಿಂಗಡಣೆ (ಪ್ರತಿ ಪದದ ವ್ಯಾಕರಣರೂಪ ಗುರುತಿಸುವುದು), ಕೈಬರಹದಲ್ಲೇ. ಸಾಲಿನ ಕೆಳಗೆ ಅರ್ಥ ಅಚ್ಚಾಗಿರುವ ಪ್ರತಿಯನ್ನೂ ಮುಟ್ಟಿದರೆ ಉತ್ತರ ಹೇಳುವ ಆಪ್‌ಗಳನ್ನೂ ಮರುಪರೀಕ್ಷೆಯವರೆಗೆ ದೂರ ಇಡಿಸಿದೆವು, ಏಕೆಂದರೆ ಕಣ್ಣು ಮೊದಲು ಅರ್ಥದ ಕಡೆಗೇ ಹೋಗುತ್ತದೆ.

ಮೂರನೇ ವಾರ ನಮ್ಮೆದುರೇ ಮನೆಗೆ ಫೋನ್ ಮಾಡಿದ. ಸಭಾಪ್ರಾಂತ ಕಟ್ಟಿದ ಫೀಸನ್ನೆಲ್ಲ ವಾಪಸ್ ಕೊಡಬೇಕಾದೀತೆಂಬ ಭಯ ಅವನಿಗಿತ್ತು. ಒಪ್ಪಂದದ ಪತ್ರ ತರಿಸಿ ಓದಿದರೆ, ಹಣ ಕೊಡಬೇಕಾದದ್ದು ಓದು ಅರ್ಧಕ್ಕೆ ಬಿಟ್ಟವರು ಮಾತ್ರ. ಮರುಪರೀಕ್ಷೆ ಬರೆಯುವವರಿಗೆ ಅದು ಅನ್ವಯಿಸುತ್ತಿರಲಿಲ್ಲ. ತಂದೆ ಗದರಲಿಲ್ಲ. "ಪೇತ್ರ, ಯೋಹಾನರು ಯಾವ ಕಾಲೇಜಿಗೆ ಹೋಗಿದ್ರಪಾ?" ಅಂದರು. ಇಬ್ಬರೂ ಯೇಸುವಿನ ಶಿಷ್ಯರಾದ ಬೆಸ್ತರು. ಸಮಾಧಾನಕ್ಕೆ ಒಳ್ಳೆಯ ಮಾತು. ಆದರೆ ಓದು ಬಿಡಲು ಅದು ನೆಪವಾಗಬಾರದೆಂದು ಮಗನಿಗೆ ಬಿಡಿಸಿ ಹೇಳಿದೆವು. ಮುಂದೆ ಹಳ್ಳಿಯ ಸಭೆಯವರು ಒಂದು ವಚನದ ಅರ್ಥ ಕೇಳಿದಾಗ ಮೂಲ ತೆರೆದು ನೋಡಬಲ್ಲವನು ಬಹುಶಃ ಅವನೊಬ್ಬನೇ ಆಗಿರುತ್ತಾನೆ.

ಕರೆಯ ಪ್ರಶ್ನೆಯನ್ನು ಮರುಪರೀಕ್ಷೆ ಮುಗಿಯುವವರೆಗೆ ಎತ್ತಬಾರದೆಂದು ಮಾತಾಗಿತ್ತು. ನಂತರ ಅದನ್ನು ಅವನಿಗೆ ಅಂಕ ಕೊಡುವ ಅಧಿಕಾರವಿಲ್ಲದ, ನಿವೃತ್ತ ಸಭಾಪಾಲಕರೊಬ್ಬರ (ಪಾಸ್ಟರ್) ಬಳಿ ಮಾತಾಡಲು ಏರ್ಪಾಡಾಯಿತು. ಕಾಲೇಜುಗಳಿಗೆ ನಮ್ಮ ಒತ್ತಾಯವೂ ಇದೇ: ವಿದ್ಯಾರ್ಥಿಯ ಬಗ್ಗೆ ಸಭಾಪ್ರಾಂತಕ್ಕೆ ವರದಿ ಬರೆಯುವವರೇ ಅವನ ಆಪ್ತಸಲಹೆಗಾರರೂ ಆಗಬಾರದು. ಹಾಗಾದರೆ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ.

ನಾಲ್ಕನೇ ವಾರಕ್ಕೆ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿಯಿತು. ಮರುಪರೀಕ್ಷೆಯಲ್ಲಿ ಸಾಧಾರಣ ಅಂಕದಲ್ಲಿ ಪಾಸಾದ. ಸಭಾಪಾಲಕರೊಂದಿಗೆ ಮಾತುಕತೆ ಇನ್ನೂ ನಡೆಯುತ್ತಿದೆ, ಅದಕ್ಕೆ ಗಡುವು ಇಟ್ಟಿಲ್ಲ. ಮುಂದಿನ ಸೆಮಿಸ್ಟರಿಗೆ ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂ ಇದೆ. ರಜೆಯಲ್ಲೇ ಅದರ 22 ಅಕ್ಷರಗಳನ್ನು ಬಲದಿಂದ ಎಡಕ್ಕೆ ದಿನವೂ ಒಂದು ಪುಟ ಬರೆಯಲು ಹೇಳಿದ್ದೇವೆ. ಬೇತ್-ಕಾಫ್, ದಾಲೆತ್-ರೇಶ್, ಹೇ-ಹೇತ್ ಜೋಡಿಗಳು ನೋಡಲು ಒಂದೇ ಥರ ಇರುವುದರಿಂದ ಅವನ್ನು ಎದುರುಬದುರು ಬರೆದು ಕಲಿಯಬೇಕು. ಓದಲು ಶುರುಮಾಡುವಾಗ ಕೀರ್ತನೆಗಳು ಬೇಡ, ಪದ್ಯದ ಹೀಬ್ರೂ ಕಷ್ಟ. ಯೋನನ ಅಥವಾ ರೂತಳ ಪುಸ್ತಕದ ಗದ್ಯ ಸಾಕು.