ಕಣ್ಣು ದೂರ ಅಂದಿತು, ಕಿವಿ ಹತ್ತಿರ ಅಂದಿತು

ನಿಮ್ಮ ಪ್ರಶ್ನೆ: "ವಿಜ್ಞಾನ ತೋರಿಸುವುದು ನಿಜವಾದ ಜಗತ್ತನ್ನಾ, ಇಲ್ಲ ನಮ್ಮ ತಲೆಯೊಳಗಿನ ಲೆಕ್ಕವನ್ನಾ? ಫಿಜಿಕ್ಸ್ ಓದಿದವರು ಹೇಳಿ." ನಾನು ವಿಜಯಪುರದವನು, ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತೇನೆ. ನನಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಲ್ಲಲ್ಲ, ನಮ್ಮೂರ ಗೋಳಗುಮ್ಮಟದಲ್ಲಿ.

ಆಗ ನಾನು ಐದನೇ ಕ್ಲಾಸು. ಒಂದು ದಿನ ಅಪ್ಪ ಬೆಳಿಗ್ಗೆ ಬೇಗ ಕರೆದುಕೊಂಡು ಹೋದರು. ಕಿರಿದಾದ ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಗೆ ಬಂದೆವು. ನನ್ನನ್ನು ಗೋಡೆಗೆ ಕಿವಿ ಹಚ್ಚಿ ಕೂರಿಸಿ, ಅವರು ಸುತ್ತು ಹಾಕಿ ಎದುರು ಬದಿಗೆ ಹೋದರು. ನಡುವೆ ಸುಮಾರು 38 ಮೀಟರ್ ಖಾಲಿ ಜಾಗ. ಅಲ್ಲಿಂದ ಪಿಸುಗುಟ್ಟಿದರು: "ಹಸಿವಾಗ್ಯಾದೇನೋ ತಮ್ಮಾ?" ಬೆನ್ನ ಹಿಂದೆಯೇ ಕೂತು ಕೇಳಿದ ಹಾಗಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಅಪ್ಪ ದೂರ ಇದ್ದಾರೆ ಅಂತ ಕಣ್ಣು, ಇಲ್ಲೇ ಇದ್ದಾರೆ ಅಂತ ಕಿವಿ. ಯಾವುದನ್ನು ನಂಬಬೇಕು?

ಉತ್ತರ ಸಿಕ್ಕಿದ್ದು ಎಂ.ಎಸ್ಸಿ. ಓದುವಾಗ. ಬಯಲಿನಲ್ಲಿ ಮಾತು ಎಲ್ಲ ಕಡೆ ಹರಡುತ್ತದೆ. ದೂರ ಎರಡು ಪಟ್ಟಾದರೆ ಅದರ ಬಲ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಬಾಗಿದ ಗೋಡೆಯ ಪಕ್ಕ ಹಾಗಲ್ಲ. ಸದ್ದಿನ ಅಲೆ ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ, ಹರಡಲು ಜಾಗ ಕಡಿಮೆ. ದೂರ ಎರಡು ಪಟ್ಟಾದರೂ ಹೆಚ್ಚುಕಡಿಮೆ ಅರ್ಧ ಬಲ ಉಳಿಯುತ್ತದೆ. ಅಪ್ಪನ ಮಾತು ಅರ್ಧ ಸುತ್ತು, ಅಂದರೆ ಸುಮಾರು 60 ಮೀಟರ್, ಗೋಡೆಗುಂಟ ಬಂದು ನನ್ನ ಕಿವಿ ಮುಟ್ಟಿತ್ತು. ಕಣ್ಣೂ ಸುಳ್ಳು ಹೇಳಿರಲಿಲ್ಲ, ಕಿವಿಯೂ ಹೇಳಿರಲಿಲ್ಲ.

ಹಾಗಾದರೆ ಆ 'ಅಲೆ' ಅನ್ನೋದು ನಿಜಾನಾ? ಅಲ್ಲಿ ಇದ್ದದ್ದು ಬರೀ ಗಾಳಿಯ ಅಣುಗಳು. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲೇ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ಒಂದು ಅಣು ಪಕ್ಕದ್ದನ್ನು ತಳ್ಳುತ್ತದೆ, ಅದು ಇನ್ನೊಂದನ್ನು. ಅಪ್ಪನ ಬಾಯಿಂದ ಹೊರಟ ಅಣುಗಳು ನನ್ನ ತನಕ ಬಂದೇ ಇಲ್ಲ. ಆದರೂ ಮಾತು ಬಂತು, ನನಗೆ ಹಸಿವಾಗಿದೆಯಾ ಅಂತ ಕೇಳಿತು! ಕೈಗೆ ಸಿಗದ್ದು, ತನ್ನದೇ ಆದ ಒಂದು ಕಣವೂ ಇಲ್ಲದ್ದು, ಹೀಗೆ ನಿಜವಾಗಿರಬಹುದು ಅನ್ನೋದು ನನಗೆ ಇವತ್ತಿಗೂ ಬೆರಗು. ಅಲೆ ಬರೀ ಲೆಕ್ಕ, ಅಣು ಮಾತ್ರ ನಿಜ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಲೆಕ್ಕವೇ ಜಗತ್ತು ಅಂತಲೂ ಹೇಳಲಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದೇ ಗ್ಯಾಲರಿ ಇದೆ. ಗೋಡೆಗೆ ಅಂಟಿಕೊಂಡು ಹೋಗುವ ಅಲೆಯ ಲೆಕ್ಕವನ್ನು ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ. 1921ರಲ್ಲಿ ನಮ್ಮ ಸಿ. ವಿ. ರಾಮನ್ ಅಲ್ಲಿಗೆ ಹೋಗಿ, ಜೊತೆಗಾರರೊಬ್ಬರೊಂದಿಗೆ ಅಳೆದು ನೋಡಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ಸದ್ದು ಸುಮ್ನೆ ಇಳಿಯುತ್ತಾ ಹೋಗಲಿಲ್ಲ. ಇಳಿಯಿತು, ಏರಿತು, ಮತ್ತೆ ಇಳಿಯಿತು. ರ‍್ಯಾಲೆಯ ಲೆಕ್ಕ ಸಾಲಲಿಲ್ಲ. ಭಾರತಕ್ಕೆ ಮರಳಿದ ಮೇಲೆ ರಾಮನ್ ನಮ್ಮ ಗೋಳಗುಮ್ಮಟವನ್ನೂ ಪರೀಕ್ಷಿಸಿ 1922ರಲ್ಲಿ ಬರೆದರು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ, ಮುಚ್ಚಿಡುವುದಿಲ್ಲ.

ನಮ್ಮ ಲೆಕ್ಕಕ್ಕೆ "ಅಲ್ಲ" ಅಂತ ಹೇಳುವ ಶಕ್ತಿ ಯಾವುದಕ್ಕಿದೆಯೋ ಅದನ್ನು ನಾನು ನಿಜವಾದ ಜಗತ್ತು ಅನ್ನುತ್ತೇನೆ. ನನ್ನ ತಲೆಯೊಳಗಿನದ್ದೇ ಎಲ್ಲ ಆಗಿದ್ದರೆ ನನಗೆ ಎದುರು ಮಾತು ಎಲ್ಲಿಂದ ಬರಬೇಕು?

ವಿಶ್ವದ ವಿಷಯಕ್ಕೂ ಇದೇ ಮಾತು. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಮೊದಲ 3,80,000 ವರ್ಷ ಅದು ಕುದಿಯುವ ಮಂಜಿನಂತೆ ಇತ್ತು. ಅದರೊಳಗೂ ಸದ್ದಿನ ಅಲೆಗಳು ಓಡಾಡುತ್ತಿದ್ದವು, ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿ. ಮಂಜು ತಿಳಿಯಾದಾಗ ಆ ಅಲೆಗಳು ಬಿಟ್ಟ ಗುರುತು ಅವತ್ತಿನ ಬೆಳಕಿನಲ್ಲಿ ಉಳಿಯಿತು. ಆ ಬೆಳಕು ಈಗ ತಣ್ಣಗಾಗಿ, ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಮಂದ ರೇಡಿಯೋ ಅಲೆಗಳಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದರಲ್ಲಿ ಉಳಿದ ಆ ಗುರುತುಗಳ ಗಾತ್ರ ಅಳೆದೇ ಗೊತ್ತಾಗಿದ್ದು: ನಮಗೆ ಪರಿಚಯ ಇರುವ ವಸ್ತು ವಿಶ್ವದಲ್ಲಿ ಬರೀ ಶೇಕಡಾ 5. ಉಳಿದದ್ದಕ್ಕೆ ಕಪ್ಪು ದ್ರವ್ಯ, ಕಪ್ಪು ಶಕ್ತಿ ಅಂತ ಹೆಸರಿಟ್ಟಿದ್ದೇವೆ, ಅಷ್ಟೇ. ಇದು ಯಾರೂ ಬಯಸಿದ್ದ ಉತ್ತರ ಅಲ್ಲ. ಆಕಾಶ ಹೇಳಿತು, ನಾವು ಬರೆದುಕೊಂಡೆವು.

ವಿಜಯಪುರಕ್ಕೆ ಬಂದರೆ ಬಾಗಿಲು ತೆರೆದ ಕೂಡಲೇ ಗುಮ್ಮಟ ಹತ್ತಿ. ಆಮೇಲೆ ಜನ ಕೂಗಲು ಶುರು ಮಾಡುತ್ತಾರೆ, ಏನೂ ತಿಳಿಯುವುದಿಲ್ಲ. ಜೊತೆಗೆ ಬಂದವರನ್ನು ಎದುರು ಬದಿಗೆ ಕಳಿಸಿ, ಒಂದೇ ಸಮ ಪಿಸುಗುಟ್ಟಲು ಹೇಳಿ. ನೀವು ಗೋಡೆಗೆ ಕಿವಿ ಹಚ್ಚಿ ಕೇಳಿ. ಆಮೇಲೆ ತಲೆಯನ್ನು ಮೆಲ್ಲಗೆ, ಗೇಣು ಗೇಣಾಗಿ ಹಿಂದಕ್ಕೆ ತನ್ನಿ. ಏನು ಕೇಳಿಸಿತು ಅಂತ ಇಲ್ಲಿ ಬರೆಯಿರಿ.